ನಿದ್ದೆ ಅವರದು, ಬೆನ್ನು ನಮ್ಮದು

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಬಂಗಾರ ಇದ್ದವರು ಇಟ್ಟುಕೊಳ್ಳಲಿ, ನಾನು ಬೆಳ್ಳಿಯಲ್ಲೇ ಸಂಸಾರ ತೂಗಿಸಿದವಳು. ಗಂಡ ತೀರಿಕೊಂಡಾಗಲೂ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು, ಹೇಳದೆ ಕೇಳದೆ ಎದ್ದು ಹೋದನಲ್ಲ ಎಂದು.

ನಾನಿರುವುದು ಒಂದು ದೊಡ್ಡ ಲಾಂಡ್ರಿಯಲ್ಲಿ, ಮಡಚುವ ಕೆಲಸ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳು ಲಾರಿಯಲ್ಲಿ ಬಂದು ನೆಲಮಾಳಿಗೆಯ ಕೊಳೆಕೋಣೆಯಲ್ಲಿ ಬೀಳುತ್ತವೆ. ಅಲ್ಲಿ ವಿಂಗಡಿಸಿ, ಒಗೆದು, ಒಣಗಿಸಿ, ಬಿಸಿ ರೋಲರಿನಡಿ ಇಸ್ತ್ರಿ ಮಾಡಿ ಮೇಲಿನ ಹಾಲಿಗೆ ಕಳಿಸುತ್ತಾರೆ. ಹಾಲಿನಲ್ಲಿ ಹದಿನಾಲ್ಕು ಮೇಜು, ಮೇಜಿಗೊಂದು ಜೋಡಿ. ಮಡಚುವ ಯಂತ್ರವನ್ನೂ ಒಮ್ಮೆ ತಂದಿದ್ದರು. ಅದಕ್ಕೆ ಕಲೆ ಯಾವುದು, ಹರಕು ಯಾವುದು ತಿಳಿಯುತ್ತಿರಲಿಲ್ಲ, ಎಲ್ಲವನ್ನೂ ಒಂದೇ ಭಕ್ತಿಯಿಂದ ಮಡಚಿ ಇಡುತ್ತಿತ್ತು. ದೊಡ್ಡ ಹೋಟೆಲೊಂದರಿಂದ ದೂರು ಬಂದ ಮೇಲೆ ಯಂತ್ರ ಹೋಯಿತು, ನಾವು ಉಳಿದೆವು.

ನಮ್ಮದು ಒಂಬತ್ತನೇ ಜೋಡಿ. ನನ್ನ ಜೊತೆಯವಳನ್ನು ಎಲ್ಲರೂ ಎಡಚಿ ಅನ್ನುತ್ತಾರೆ, ಎಡಗೈ ಬಳಸುವವಳು. ನಾನು ಬಲಗೈಯವಳು. ಇದರ ಬೆಲೆ ಮಡಚುವವರಿಗಷ್ಟೇ ಗೊತ್ತು. ಇಬ್ಬರೂ ಬಲಗೈಯವರಾದರೆ, ಎದುರುಬದುರು ನಿಂತಾಗ ಒಬ್ಬಳು ಈ ಅಂಚನ್ನು ಮೊದಲು ಎತ್ತುತ್ತಾಳೆ, ಇನ್ನೊಬ್ಬಳು ಆ ಅಂಚನ್ನು. ಪ್ರತಿ ಸಲವೂ ಯಾರಾದರೊಬ್ಬರು ಮಣಿಕಟ್ಟು ತಿರುಚಿಕೊಳ್ಳಬೇಕು. ನಮ್ಮಿಬ್ಬರಿಗೆ ಆ ತಾಪತ್ರಯವಿಲ್ಲ, ಕನ್ನಡಿಯ ಎದುರು ನಿಂತಷ್ಟು ಸಲೀಸು. ಹತ್ತೊಂಬತ್ತು ವರ್ಷ ಹೀಗೆ ನಿಂತಿದ್ದೇವೆ. ಗಂಡನ ಮುಖವನ್ನೂ ನಾನು ಇಷ್ಟು ಹೊತ್ತು ನೋಡಿಲ್ಲ.

ಎಡಚಿಗೆ ದಮ್ಮು. ಉಸಿರನ್ನು ಅಳೆದು ಸುರಿದು ಖರ್ಚು ಮಾಡುವವಳು, ಹಾಗಾಗಿ ಮಾತು ಕಡಿಮೆ. ಅವಳ ಪಾಲಿನದನ್ನೂ ನಾನೇ ಆಡಿಬಿಡುತ್ತೇನೆ. ಮೇಲಿನ ಹಾಲಿನಲ್ಲಿ ಕಿಟಕಿಗಳಿವೆ, ಅವಳು ಬದುಕಿಕೊಂಡಿದ್ದಾಳೆ. ಕೊಳೆಕೋಣೆಯಲ್ಲಿ ಕಿಟಕಿಯಿಲ್ಲ. ಒದ್ದೆ ಬಟ್ಟೆ, ಬ್ಲೀಚಿನ ಘಾಟು, ಬಟ್ಟೆ ಕೊಡವಿದರೆ ಏಳುವ ನಾರಿನ ಧೂಳು. ಅಲ್ಲಿಗೆ ಹಾಕಿದರೆ ಈಕೆ ತಿಂಗಳು ತಡೆಯುವುದಿಲ್ಲ ಎಂದು ಡಾಕ್ಟರೇ ಬರೆದುಕೊಟ್ಟಿದ್ದರು. ಆಫೀಸಿನವರು ಆ ಚೀಟಿಯನ್ನು ಫೈಲಿಗೆ ಹಾಕಿ, ಫೈಲನ್ನು ಕಪಾಟಿಗೆ ಹಾಕಿ, ಕಪಾಟಿಗೆ ಬೀಗ ಹಾಕಿದ್ದರು.

ಇನ್ನು ನನ್ನ ಮಗ. ಇಪ್ಪತ್ತೇಳು ವರ್ಷ. ಹಗಲು ಮೊಬೈಲ್ ರಿಪೇರಿ, ಸಂಜೆ ಸಮಾಜದ ರಿಪೇರಿ. ಅಡುಗೆಮನೆಯ ಮೂಲೆಯಲ್ಲಿ, ಫ್ರಿಜ್ಜಿನ ಪಕ್ಕ, ಅವನ ಸಿಂತಸೈಜರ್. ಎರಡು ಕೀಲಿ ಸತ್ತ ಹಳೇ ಮಾಲು. ಅದರಲ್ಲಿ ಸಿಂತ್ ಪಾಪ್ ಮಾಡುತ್ತಾನೆ. ಹಾಗೆಂದರೇನೋ ಎಂದು ಕೇಳಿದೆ.

"ದನಿ ಯಂತ್ರದ್ದು ಅಮ್ಮ, ಒಳಗೆ ನೋವು ಮನುಷ್ಯಂದು."

"ಅದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೋ? ನಾನಿಲ್ವಾ?"

ಅವನನ್ನು ನಾನು ಕ್ರಾಂತಿ ಎಂದು ಕರೆಯುತ್ತೇನೆ. ತಟ್ಟೆ ತೊಳೆದಿಡು ಅಂದರೆ, ತಡಿ, ಶೋಷಣೆ ಬಗ್ಗೆ ಯೋಚನೆ ಮಾಡ್ತಿದ್ದೀನಿ ಅನ್ನುವ ಪೈಕಿ. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡುವುದು.

ಒಂದು ಸಂಜೆ ಕೆಲಸದಿಂದ ಬಂದು ತರಕಾರಿ ಹೆಚ್ಚುತ್ತಾ ಎಂದಿನಂತೆ ಲೋಕಕ್ಕೆ ಮಂಗಳಾರತಿ ಎತ್ತುತ್ತಿದ್ದೆ. ಬೆನ್ನು ಸೀಳಿಹೋಗುತ್ತಿತ್ತು. ಕ್ರಾಂತಿ ಎದುರು ಕುಳಿತು, "ಅಮ್ಮ, ಮಡಚೋವಾಗ ತಾಳ ಹೇಗಿರುತ್ತೆ?" ಎಂದ. ನಾನು ಚಮಚದಿಂದ ತಟ್ಟೆಯ ಮೇಲೆ ಬಡಿದು ತೋರಿಸಿದೆ. ಹಿಡಿ, ಎಳೆ, ಕೂಡಿಸು, ಇಡು. ಹಿಡಿ, ಎಳೆ, ಕೂಡಿಸು, ಇಡು. ಎಡಚಿಯ ಉಸಿರು ಚೆನ್ನಾಗಿರುವ ಬೆಳಿಗ್ಗೆ ನಮ್ಮ ಕೈ ಹೋಗುವ ನಡೆ ಅದು. ಬಡಿಯುತ್ತಲೇ ಬೈಗುಳವನ್ನೂ ಮುಂದುವರಿಸಿದೆ. ಮೇಜಿನ ಮೇಲೆ ಅವನ ಫೋನು ಬೋರಲಾಗಿ ಬಿದ್ದಿತ್ತು. ಅದು ಕೇಳಿಸಿಕೊಳ್ಳುತ್ತಿದೆ ಎಂದು ನನಗೇನು ಗೊತ್ತು?

ಹತ್ತು ದಿನ ಬಿಟ್ಟು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಟಕ್ ಟಕ್ ಎಂದು ನನ್ನದೇ ತಟ್ಟೆ. ಅದರ ಕೆಳಗೆ ಏನೋ ಗುಂಯ್‌ಗುಡುತ್ತಿತ್ತು. ಆಮೇಲೆ ತಗಡಿನ ಗಂಟಲಿನ ಹೆಂಗಸೊಬ್ಬಳು ಶುರು ಮಾಡಿದಳು:

ಮಲಗೋರ ಮುಖ ಕಂಡಿಲ್ಲ, ಕಲೆ ಮಾತ್ರ ಬಲ್ಲೆ
ಹಿಡಿ, ಎಳೆ, ಕೂಡಿಸು, ಇಡು
ನಿದ್ದೆ ಅವರದು, ಬೆನ್ನು ನಮ್ಮದು
ಹಿಡಿ, ಎಳೆ, ಕೂಡಿಸು, ಇಡು

"ಯಾರೋ ಇವಳು, ಗಂಟಲಿಗೆ ಡಬ್ಬ ಸಿಕ್ಕಿಸಿಕೊಂಡಿರೋಳು?" ಎಂದೆ.

"ನೀನೇ ಅಮ್ಮ."

ಕೈಲಿದ್ದ ಸೌಟು ಎತ್ತಿದೆ. ಆದರೆ ಹೊಡೆಯಲಿಲ್ಲ, ಹಾಡು ಇನ್ನೂ ಮುಗಿದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹಿಗ್ಗಾಯಿತು. ಹತ್ತೊಂಬತ್ತು ವರ್ಷ ಗೋಡೆಗೆ ಬೈದದ್ದನ್ನು ಯಾರೋ ಒಬ್ಬರು ಕೂತು ಕೇಳಿದ್ದಾರಲ್ಲ! ಮೂರನೇ ಚರಣದಲ್ಲಂತೂ ಕೆಂಡ ಕಾರಿದ್ದೆ. ಕಪಾಟು ಯಾರದು, ಬೀಗ ಯಾರದು, ಕೇಳಿದ ಬಾಯಿಗೆ ಬಟ್ಟೆ ತುರುಕಿದೋರು ಯಾರು, ಎಂದು. ನನ್ನ ಹೆಸರು ಎಲ್ಲಿಯೂ ಹಾಕಬಾರದು, ಕೆಲಸ ಹೋಗುತ್ತದೆ ಎಂದು ಆಣೆ ಮಾಡಿಸಿಕೊಂಡು ಬಿಟ್ಟೆ.

ಅವನು ಇಂಟರ್ನೆಟ್ಟಿಗೆ ಹಾಕಿದ, ಹಾಡು ಓಡಿತು. ಕಾಲೇಜು ಹುಡುಗರು ಕುಣಿದರು. ಬೆನ್ನು ಅಂದರೆ ಬ್ಯಾಗು ಹಾಕುವ ಜಾಗ ಎಂದು ತಿಳಿದವರೆಲ್ಲ 'ಬೆನ್ನು ನಮ್ಮದು' ಎಂದು ಅಂಗಿ ಮೇಲೆ ಬರೆಸಿಕೊಂಡರು. ಪತ್ರಿಕೆಯಲ್ಲಿ ಕ್ರಾಂತಿಯ ಫೋಟೋ ಬಂತು, ಗಲ್ಲಕ್ಕೆ ಕೈಕೊಟ್ಟು, ಕಿಟಕಿಯ ಆಚೆ ನೋಡುತ್ತಾ. ಕೆಳಗೆ, "ದನಿಯಿಲ್ಲದವರಿಗೆ ನಾನು ದನಿ ಕೊಟ್ಟೆ." ನನಗೆ ಮೈಯೆಲ್ಲ ಉರಿಯಿತು. ದನಿಯಿಲ್ಲದವಳಂತೆ ನಾನು! ಅಕ್ಕಪಕ್ಕದ ಮನೆಯವರನ್ನು ಕೇಳಿ ಬರೆಯಬೇಕಿತ್ತು ಪತ್ರಿಕೆಯವರು.

ಲಾಂಡ್ರಿಯಲ್ಲಿ ನಾಲ್ಕನೇ ಜೋಡಿಯ ಹುಡುಗಿ ಒಂದು ದಿನ ಫೋನಿನಲ್ಲಿ ಆ ಹಾಡು ಹಾಕಿದಳು. ಎಡಚಿ ಎರಡು ಸಾಲು ಕೇಳಿ, ನನ್ನ ಮುಖ ನೋಡಿ, ತುಟಿ ಮುಚ್ಚಿಕೊಂಡೇ ನಕ್ಕಳು. ಅವಳಿಗೆ ಮಾತ್ರ ಗುರುತು ಸಿಕ್ಕಿತ್ತು. ಉಳಿದವರ ಕೈಗಳು ತಾವಾಗಿಯೇ ತಾಳ ಹಿಡಿದವು. ಹಿಡಿ ಅಂದಾಗ ಹಿಡಿಯುವುದು, ಎಳೆ ಅಂದಾಗ ಎಳೆಯುವುದು. ಮಡಚುವ ಕೆಲಸದಿಂದಲೇ ಹುಟ್ಟಿದ ತಾಳ, ಮಡಚುವವರ ಕೈ ಬಿಟ್ಟೀತೇ? ಮೇಜಿನ ಮೇಲೆ ಬೆಡ್‌ಶೀಟ್ ಇಟ್ಟಾಗಲೆಲ್ಲ ಗೋಡೆಯ ಬೋರ್ಡಿನಲ್ಲಿ ಅಂಕಿ ಒಂದೊಂದೇ ಏರುತ್ತದೆ. ಗಂಟೆಗೆ ನೂರಾ ಎಂಬತ್ತು ಇರುತ್ತಿದ್ದದ್ದು ಆವತ್ತು ನೂರಾ ತೊಂಬತ್ತಾರು ಆಯಿತು.

ಅದು ಹೊಸ ಮ್ಯಾನೇಜರ ಕಣ್ಣಿಗೆ ಬಿತ್ತು. ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಬೈದರೆ ಬೈಸಿಕೊಂಡವರೇ ಥ್ಯಾಂಕ್ಸ್ ಹೇಳಿ ಬರಬೇಕು, ಹಾಗೆ. ಹಾಡನ್ನು ನಿಲ್ಲಿಸುತ್ತಾರೆ, ಹುಡುಗಿಗೆ ಗ್ರಹಚಾರ ಅಂದುಕೊಂಡೆವು. ಮರುದಿನ ಹಾಲಿನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಬಂದವು. ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದರು.

"ಟೀಕೆಗೆ ನಮ್ಮ ಸಂಸ್ಥೆಯಲ್ಲಿ ಸದಾ ಸ್ವಾಗತ ಇದೆ. ಈ ಹಾಡಲ್ಲಿ ಎಷ್ಟು ಆಳವಾದ ಸಾಮಾಜಿಕ ಚಿಂತನೆ ಇದೆ ನೋಡಿ. ಬೆನ್ನು ನಮ್ಮದು ಅಂತಾರೆ. ನಮ್ಮದು! ಈ ನಮ್ಮದು ಅನ್ನೋ ಭಾವನೆ ಇದೆಯಲ್ಲ, ಸಂಸ್ಥೆಗೆ ಬೇಕಾಗಿರೋದೇ ಅದು."

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಗೂ ಅದೇ ತಾಳ ಬಂದುಬಿಟ್ಟಿತು, ದರಿದ್ರದ್ದು.

ಅಂದಿನಿಂದ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ನನ್ನ ದನಿ ನನ್ನ ತಲೆಯ ಮೇಲೆ. ಜೊತೆಗೊಂದು ಹೊಸ ನಿಯಮ. ಗಂಟೆಗೆ ನೂರಾ ತೊಂಬತ್ತೈದು ಆಗಲೇಬೇಕು. ಮೂರು ವಾರ ಸತತವಾಗಿ ಕಡಿಮೆ ಬಿದ್ದ ಜೋಡಿಯಲ್ಲಿ ಒಬ್ಬರು ಕೊಳೆಕೋಣೆಗೆ. ನಿಧಾನ ಯಾರು ಎಂಬುದು ಬೋರ್ಡಿಗೆ ತಿಳಿಯುವುದಿಲ್ಲವಲ್ಲ, ಅದನ್ನು ಜೋಡಿಯೇ ಹೇಳಬೇಕು. ಹೇಳದಿದ್ದರೆ ವಯಸ್ಸಿನಲ್ಲಿ ದೊಡ್ಡವರ ಹೆಸರು ಬರೆದುಕೊಳ್ಳುತ್ತಾರೆ. ಎಡಚಿ ನನಗಿಂತ ಆರು ವರ್ಷ ದೊಡ್ಡವಳು.

ಮೊದಲ ವಾರ ಹೇಗೋ ಮುಟ್ಟಿದೆವು. ಎರಡನೇ ವಾರದಿಂದ ಅವಳ ಕೈಯಿಂದ ಮೂಲೆಗಳು ಜಾರತೊಡಗಿದವು. ನಾಲ್ಕು ಬೆಡ್‌ಶೀಟಿಗೊಮ್ಮೆ ಮೇಜು ಹಿಡಿದು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ನಿಂತವಳು ತಲೆಯೆತ್ತಿ ಸ್ಪೀಕರ್ ನೋಡಿದಳು.

"ನಿನ್ನ ದನಿ ಸಣ್ಣ ಆಗಿದೆ ಕಣೇ."

ಕಿವಿಗೊಟ್ಟೆ. ಹೌದು! ನನ್ನ ಕತ್ತೆಗಂಟಲು ಹದಿನೆಂಟರ ಹುಡುಗಿಯ ಗಂಟಲಾಗಿತ್ತು. ಮನೆಗೆ ಬಂದವಳೇ ಕ್ರಾಂತಿಗೆ ಹೇಳಿದೆ. ಮರುದಿನ ನಾನು ಸ್ಪೀಕರಿನ ಹಾಡನ್ನು ಫೋನಿನಲ್ಲಿ ತುಂಬಿಸಿಕೊಂಡು ಬಂದದ್ದನ್ನು ಅವನು ತನ್ನ ಪೆಟ್ಟಿಗೆಗೆ ಹಚ್ಚಿ ನೋಡಿ ಧಗಧಗ ಉರಿದ.

"ನಿಮಿಷಕ್ಕೆ ನೂರಾ ನಾಲ್ಕು ಬಡಿತದಲ್ಲಿ ಮಾಡಿದ ಹಾಡನ್ನ ನೂರಾ ಹತ್ತಕ್ಕೆ ಓಡಿಸ್ತಿದ್ದಾರೆ! ದಿನಾ ಸ್ವಲ್ಪ ಸ್ವಲ್ಪ ಏರಿಸಿದ್ದಾರೆ. ನನ್ನ ಬೇಸ್ ಎಲ್ಲಾ ಹಾಳು! ಇದು ಕಲೆಯ ಕೊಲೆ ಅಮ್ಮ!"

"ಕಲೆ ಹಾಳಾಗ್ಲಿ, ಎಡಚಿ ಕೊಲೆ ಆಗುತ್ತೆ ಕಣೋ. ಮೊದಲು ಆ ಹಾಡು ವಾಪಸ್ ತಗೋ."

"ವಾಪಸ್ಸಾ?" ಅವನು ನನ್ನನ್ನು ಪಾಪದವಳಂತೆ ನೋಡಿದ. "ಅಮ್ಮ, ಶೋಷಣೆ ನಡೆಯೋ ಜಾಗದಲ್ಲೇ ಶೋಷಣೆ ವಿರುದ್ಧದ ಹಾಡು ದಿನಕ್ಕೆ ಎಂಟು ಗಂಟೆ! ಇಂಥ ಅವಕಾಶ ಯಾರಿಗೆ ಸಿಗುತ್ತೆ? ನಾನು ಹೋಗಿ ಮಾತಾಡ್ತೀನಿ ಇರು. ಎಲ್ಲಾ ಸರಿ ಮಾಡ್ಕೊಂಡು ಬರ್ತೀನಿ."

ಹೋದ. ಬೆಕ್ಕಿನ ಹತ್ತಿರ ಹಾಲಿನ ಪಂಚಾಯಿತಿಗೆ ಹೋದಂತೆ ಹೋದ. ಎರಡು ದಿನ ಮಾತುಕತೆ ನಡೆಯಿತಂತೆ, ಕಾಫಿಯ ಮೇಲೆ ಕಾಫಿ. ಎರಡನೇ ಸಂಜೆ ಮುಖ ಅರಳಿಸಿಕೊಂಡು ಬಂದ.

"ಗೆದ್ದೆ ಅಮ್ಮ! ಮೂರನೇ ಚರಣ ತೆಗೀಬೇಕು ಅಂತ ಪಟ್ಟು ಹಿಡಿದಿದ್ರು. ಕಪಾಟು, ಬೀಗ, ಬಾಯಿಗೆ ಬಟ್ಟೆ ಅನ್ನೋದು ಜಾಸ್ತಿ ಆಯ್ತು ಅಂತ. ನಾನು ಒಂದಕ್ಷರ ಬಿಟ್ಟುಕೊಡಲಿಲ್ಲ. ಪೂರ್ತಿ ಉಳಿಸ್ಕೊಂಡೆ!"

"ವೇಗ?"

"ವೇಗಕ್ಕೆ ಹೊಸದಾಗಿ ನಾನೇ ಮಾಡ್ಕೊಡ್ತೀನಿ ಅಂದೆ, ನೂರಾ ಹದಿನಾರರಲ್ಲಿ. ಅದೇನು ದೊಡ್ಡ ವಿಷಯ ಅಲ್ಲ ಅಮ್ಮ, ಟೆಕ್ನಿಕಲ್. ಇನ್ಮೇಲೆ ಎಷ್ಟು ಜೋರು ಓಡಿಸಿದ್ರೂ ನಿನ್ನ ದನಿ ಸಣ್ಣ ಆಗಲ್ಲ, ಹಾಗೆ ಮಾಡಿದ್ದೀನಿ. ಯಾರಿಗೂ ಗೊತ್ತೇ ಆಗಲ್ಲ!"

ನಾನು ಆ ಸಂಜೆ ಬೈಯದೆ ಅವನ ತಟ್ಟೆಯನ್ನೂ ತೊಳೆದಿಟ್ಟೆ. ಮೈ ಹುಷಾರಿಲ್ಲವೇ ಎಂದು ಅವನಿಗೆ ಗಾಬರಿಯಾಯಿತು. ಅವನು ಕೆಟ್ಟವನಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಕೆಟ್ಟವನಾಗಿದ್ದರೆ ಎರಡು ಬಾರಿಸಿ ನೆಮ್ಮದಿಯಾಗಿ ಮಲಗಬಹುದಿತ್ತು.

ಹೊಸ ಹಾಡು ಬಂತು. ಎರಡು ವಾರ ನಾವು ಕಡಿಮೆ ಬಿದ್ದೆವು. ಮೂರನೇ ವಾರ ನಾನು ಒಂದು ಉಪಾಯ ಮಾಡಿದೆ. ಮಡಚುವಾಗ ಇಬ್ಬರೂ ಮೂರು ಮೂರು ಹೆಜ್ಜೆ ಮುಂದೆ ಬಂದು ಅಂಚು ಕೂಡಿಸಬೇಕು, ಮತ್ತೆ ಮೂರು ಹೆಜ್ಜೆ ಹಿಂದೆ. ಎಡಚಿಯನ್ನು ನಿಂತಲ್ಲೇ ನಿಲ್ಲಿಸಿದೆ. ಆರು ಹೆಜ್ಜೆಯನ್ನೂ ನಾನೇ ನಡೆದೆ. ಅವಳು ಹಿಡಿದರೆ ಸಾಕು, ಎಳೆದರೆ ಸಾಕು. ಸಂಜೆ ಮನೆಗೆ ಬಂದರೆ ಮೊಣಕಾಲು ಬಾತು ಕುಂಬಳಕಾಯಿ. ಆದರೆ ಅಂಕಿ ನಿಂತಿತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ವಾರ ಮುಗಿಯುತ್ತದೆ. ಅವತ್ತು ಹನ್ನೊಂದು ನಲವತ್ತಕ್ಕೆ ನಮಗೆ ಬೇಕಾಗಿದ್ದದ್ದು ಇನ್ನು ಅರವತ್ತಾರು. ಇಪ್ಪತ್ತು ನಿಮಿಷ, ಅರವತ್ತಾರು ಬೆಡ್‌ಶೀಟು. ಆಗುತ್ತಿತ್ತು. ಖಂಡಿತ ಆಗುತ್ತಿತ್ತು.

ಸರಿಯಾಗಿ ಆಗಲೇ ಅತಿಥಿಗಳು ಬಂದರು. ಸಂಸ್ಥೆಯ ವಾರ್ಷಿಕೋತ್ಸವ, ಕ್ರಾಂತಿಗೆ 'ಸಾಮಾಜಿಕ ಕಾಳಜಿ' ಪ್ರಶಸ್ತಿ. ಹಾಲಿನ ಒಂದು ತುದಿಗೆ ವೇದಿಕೆ, ಕುರ್ಚಿ, ಹೂಗುಚ್ಛ. ಅತಿಥಿಗಳಿಗೆ ಮಡಚುವುದನ್ನು ತೋರಿಸಬೇಕು ಎಂದು ನಮ್ಮನ್ನು ನಿಲ್ಲಿಸಲಿಲ್ಲ, ಹಾಡಿನ ದನಿಯನ್ನು ಏರಿಸಿದರು. ವೇಗವನ್ನೂ ಏರಿಸಿದ್ದರು ಎಂದು ನನ್ನ ಕಾಲಿಗೆ ತಿಳಿಯಿತು, ಕಿವಿಗೆ ತಿಳಿಯಲಿಲ್ಲ. ನನ್ನ ದನಿ ಗಟ್ಟಿಮುಟ್ಟಾಗಿ, ಕತ್ತೆಯಾಗಿಯೇ ಇತ್ತು. ಮಗನ ಕೈಚಳಕ.

ಹತ್ತು ನಿಮಿಷ ಓಡಿದೆವು. ಎಡಚಿಯ ತುಟಿ ನೀಲಿಗೆ ತಿರುಗಿತು. ಎದೆಯೊಳಗಿನ ಸಿಳ್ಳು ಹಾಡಿನ ಮೇಲೆ ಕೇಳುತ್ತಿತ್ತು. ಅವಳ ಕೈಯಿಂದ ಒಂದು ಮೂಲೆ ಜಾರಿತು, ಬಗ್ಗಿ ಎತ್ತಿಕೊಂಡಳು, ಎದ್ದಾಗ ಕಣ್ಣು ಮೇಲಕ್ಕೆ ಹೋಗಿತ್ತು. ಆದರೂ ಸ್ಪೀಕರಿನವಳು ನಿಲ್ಲಿಸಲಿಲ್ಲ. ಹಿಡಿ, ಎಳೆ, ಕೂಡಿಸು, ಇಡು! ಹಿಡಿ, ಎಳೆ, ಕೂಡಿಸು, ಇಡು!

ನನಗೆ ತಡೆಯಲಾಗಲಿಲ್ಲ. ಬೆಡ್‌ಶೀಟ್ ಹಿಡಿದುಕೊಂಡೇ ಸ್ಪೀಕರಿನ ಕಡೆ ತಿರುಗಿ ಬಾಯಿ ತೆಗೆದೆ.

"ಲೇ! ಉಸಿರು ತಗೊಳ್ಳೋಕೆ ಬಿಡೇ ಅವಳಿಗೆ! ನಿಂಗೇನು ಕೈಯಿದ್ಯಾ ಕಾಲಿದ್ಯಾ, ಗೋಡೆ ಮೇಲೆ ಕೂತು ಕೂಗೋಕೆ? ಬಾ, ಕೆಳಗೆ ಇಳಿದು ಬಾ, ಬಂದು ಒಂದು ಮಡಚು! ಹಿಡಿಯಂತೆ, ಎಳೆಯಂತೆ! ನಿನ್ನ ನಾಲಿಗೆ ಸೇದಿಹೋಗ!"

ಹಾಲಿನಲ್ಲಿ ಎಲ್ಲರೂ ತಿರುಗಿದರು. ಮೇಲಿನವಳ ದನಿ, ಕೆಳಗಿನವಳ ದನಿ, ಎರಡೂ ಒಂದೇ. ಮೊದಲು ಅರ್ಥವಾದದ್ದು ಮ್ಯಾನೇಜರಿಗೆ. ಇನ್ನು ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ಎರಡೂ ಕೈ ಚಾಚಿಕೊಂಡು ಓಡೋಡಿ ಬಂದರು.

"ನೀವಾ! ಆ ದನಿ ನೀವಾ! ನಮ್ಮ ಒಂಬತ್ತನೇ ಮೇಜಿಂದ! ನೋಡಿ ಸರ್, ನೋಡಿ ಮೇಡಂ, ನಮ್ಮ ಸಂಸ್ಥೆಯ ಮಣ್ಣಲ್ಲೇ ಹುಟ್ಟಿದ ಆಕ್ರೋಶ!" ಎಂದು ಅತಿಥಿಗಳ ಕಡೆ ತಿರುಗಿ ಕೂಗಿದರು. ಸ್ಪೀಕರಿನ ಹಾಡು ನಿಲ್ಲಿಸಿ ಮೈಕನ್ನು ನನ್ನ ಬಾಯಿಗೆ ಹಿಡಿದರು. "ಹೇಳಿಮ್ಮ, ನೀವೇ ಹೇಳಿ. ಸಂಕೋಚ ಬೇಡ. ಬೈರಿ ನಮ್ಮನ್ನ!"

ಬೈಯಲು ಹೇಳಿ ಬೈಸಿಕೊಳ್ಳುವವರಿಗೆ ಏನೆಂದು ಬೈಯುವುದು? ನಾನು ಎಡಚಿಯನ್ನು ನೋಡಿದೆ. ಅವಳ ಎದೆಯನ್ನು ನೋಡಿದೆ. ಅವಳು ಉಸಿರೆಳೆದುಕೊಂಡಾಗ "ಹಿಡಿ" ಅಂದೆ. ಬಿಟ್ಟಾಗ "ಎಳೆ" ಅಂದೆ. ಕಾದೆ. "ಕೂಡಿಸು." ಮತ್ತೆ ಕಾದೆ. "ಇಡು." ಮಧ್ಯೆ ಮಧ್ಯೆ ನೆನಪಾದದ್ದನ್ನೆಲ್ಲ ಹೇಳಿದೆ, ಮಲಗುವವರ ಬಗ್ಗೆ, ಕಲೆಗಳ ಬಗ್ಗೆ, ಕಪಾಟಿನಲ್ಲಿ ಬೀಗ ಹಾಕಿಟ್ಟ ಡಾಕ್ಟರ ಚೀಟಿಯ ಬಗ್ಗೆ. ಹದಿನಾಲ್ಕು ಮೇಜಿನ ಇಪ್ಪತ್ತೆಂಟು ಜನರ ಕೈ ನಿಧಾನಕ್ಕೆ ಇಳಿದು ಎಡಚಿಯ ಉಸಿರಿಗೆ ಬಂದು ನಿಂತಿತು. ಅವಳ ತುಟಿಯ ನೀಲಿ ಹೋಯಿತು. ಅಯ್ಯೋ, ಎಷ್ಟು ಚೆಂದ ಇತ್ತು ಗೊತ್ತಾ? ನನ್ನ ಜನ್ಮದಲ್ಲಿ ನಾನು ಅಷ್ಟು ಸುಖವಾಗಿ ಬೈದದ್ದಿಲ್ಲ.

ಅತಿಥಿಯೊಬ್ಬರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಆ ಕರವಸ್ತ್ರವೂ ನಾವೇ ಒಗೆದದ್ದಿರಬೇಕು. ಹನ್ನೆರಡರ ಗಂಟೆ ಹೊಡೆದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ರಾಂತಿ ವೇದಿಕೆಯಿಂದ ಇಳಿದು ಬಂದು ನನ್ನನ್ನು ತಬ್ಬಿಕೊಂಡ. ಎಡಚಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳು ಬೋರ್ಡು ನೋಡುತ್ತಿದ್ದಳು.

ಹನ್ನೊಂದು ಕಡಿಮೆ.

ಹನ್ನೊಂದು ಬೆಡ್‌ಶೀಟು. ನಾನು ಬಾಯಿ ತೆಗೆದ ಹತ್ತು ನಿಮಿಷದಲ್ಲಿ ಹೋದವು. ಎಲ್ಲ ಜೋಡಿಗಳಿಗೂ ಅಷ್ಟಷ್ಟು ಹೋಗಿತ್ತು, ಅವರಿಗೆ ತಡೆಯಿತು. ತುದಿಯ ಮೇಲೆ ನಿಂತಿದ್ದವರು ನಾವಿಬ್ಬರೇ. ಅದು ಅತಿಥಿಗಳಿಗೆ ತೋರಿಸುವ ಆಟ, ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅಂದುಕೊಂಡಿದ್ದೆ ಅನ್ನುವುದೂ ಸುಳ್ಳು. ನಾನು ಏನೂ ಅಂದುಕೊಂಡಿರಲಿಲ್ಲ. ಸಿಟ್ಟು ಬಂತು, ಬಾಯಿ ತೆಗೆದೆ. ಮಗನಿಗೆ ಬೈದೆನಲ್ಲ, ನಿನ್ನ ಹಾಡಿನಿಂದ ಎಡಚಿ ಕೊಲೆ ಆಗುತ್ತೆ ಎಂದು? ಕೊನೆಯ ಹನ್ನೊಂದನ್ನು ಕಳೆದವಳು ನಾನೇ.

ಸೋಮವಾರ ಬೆಳಿಗ್ಗೆ ಮ್ಯಾನೇಜರ ಕೋಣೆಯಲ್ಲಿ ನಾವು ನಾಲ್ವರು. ಮ್ಯಾನೇಜರು, ನಾನು, ಎಡಚಿ, ಮತ್ತೆ ರಜೆ ಹಾಕಿ ಬಂದಿದ್ದ ಕ್ರಾಂತಿ. ಅವನಿಗೆ ಭಾನುವಾರವೇ ಎಲ್ಲವನ್ನೂ ಹೇಳಿದ್ದೆ. ಹಾಡು ವಾಪಸ್ ತಗೋತೀನಿ ಎಂದು ಎದೆಯುಬ್ಬಿಸಿಕೊಂಡು ಬಂದಿದ್ದ. ಮ್ಯಾನೇಜರು ಒಂದು ಹಾಳೆ ತೆಗೆದು ತೋರಿಸಿದರು. ಕೆಳಗೆ ಅವನದೇ ಸಹಿ. ಹಾಡು, ತಾಳ, ದನಿ, ಎಲ್ಲವೂ ಸಂಸ್ಥೆಯದು. ಮೂರನೇ ಚರಣ ಉಳಿಸಿಕೊಳ್ಳುವ ಉಮೇದಿನಲ್ಲಿ ಉಳಿದದ್ದನ್ನು ಅವನು ಓದಿರಲಿಲ್ಲ.

"ನೀವು ನಮ್ಮ ಸಂಸ್ಥೆಯ ದನಿ ಕಣಮ್ಮ," ಎಂದರು ಮ್ಯಾನೇಜರು ನನಗೆ. "ನಿಮ್ಮನ್ನ ಮೇಜಿನ ಹತ್ತಿರ ನಿಲ್ಲಿಸೋದೇ ತಪ್ಪು. ನಿಮಗೆ ಇಲ್ಲೇ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಬಂದೋರಿಗೆ ನಾಲ್ಕು ಮಾತು ಹೇಳಿದ್ರೆ ಸಾಕು. ಇವರನ್ನ ಮಾತ್ರ..." ಎಂದು ಎಡಚಿಯ ಕಡೆ ಕೈ ತೋರಿಸಿದರು, "ನಿಯಮ ನೋಡಿ. ನನಗೂ ಹೊಟ್ಟೆ ಉರಿಯುತ್ತೆ."

"ಮೈಕ್ ಕೊಟ್ಟಿದ್ದು ನೀವೇ ಅಲ್ವಾ ಸರ್?"

"ನಾನೇ. ಅದ್ಭುತವಾಗಿತ್ತು! ಆದ್ರೆ ಬೋರ್ಡಿಗೆ ಭಾವನೆ ಇಲ್ವಲ್ಲಮ್ಮ."

"ಡಾಕ್ಟರ್ ಚೀಟಿ ಇದೆ ಫೈಲಲ್ಲಿ."

"ಇದೆ. ನೀವು ಅದರ ಬಗ್ಗೆ ಹೇಳಿದ ಸಾಲು ಎಲ್ಲರಿಗೂ ತುಂಬಾ ಹಿಡಿಸ್ತು."

ಎಡಚಿ ಎದ್ದು ನಿಂತಳು. "ನಿಧಾನ..." ಎಂದು ಶುರು ಮಾಡಿ ಉಸಿರಿಗೆ ನಿಂತಳು. ಅಷ್ಟೇ ಬೇಕಿತ್ತು ನನಗೆ.

"ನಿಧಾನ ನಾನು!" ಎಂದು ಕಿರುಚಿದೆ. "ಜೋಡಿಯೇ ಹೇಳ್ಬೇಕು ಅನ್ನೋದು ನಿಮ್ಮ ನಿಯಮ. ಬರ್ಕೊಳ್ಳಿ, ಒಂಬತ್ತನೇ ಜೋಡಿಲಿ ನಿಧಾನ ನಾನು. ಶನಿವಾರ ನೂರು ಜನದ ಮುಂದೆ ಮೈಕಲ್ಲಿ ನಿಧಾನ ಮಾಡಿದ್ದು ಯಾರು? ಇವಳಾ? ನೀವೇ ವಿಡಿಯೋ ಮಾಡಿಸಿದ್ದೀರಲ್ಲ, ನೋಡ್ಕೊಳ್ಳಿ!"

ಮ್ಯಾನೇಜರು ಪೆನ್ನು ಕೈಯಲ್ಲಿ ಹಿಡಿದು ಯೋಚಿಸಿದರು. ಹಾಡಿನ ದನಿಯನ್ನು ಕೊಳೆಕೋಣೆಗೆ ಹಾಕಿದರೆ ಪತ್ರಿಕೆಯವರು ಏನನ್ನುತ್ತಾರೋ ಎಂಬ ಚಿಂತೆ ಮುಖದಲ್ಲಿತ್ತು. ಆಮೇಲೆ ಮುಖ ಮೆಲ್ಲಗೆ ತಿಳಿಯಾಯಿತು.

"ಒಂದು ಲೆಕ್ಕದಲ್ಲಿ ಹಾಡಿಗೆ ಇನ್ನೂ ನೈಜತೆ ಬರುತ್ತೆ," ಎಂದು ನನ್ನ ಹೆಸರು ಬರೆದುಕೊಂಡರು.

ನೆಲಮಾಳಿಗೆಯ ಮೆಟ್ಟಿಲು ಹಾಲಿನ ಬಾಗಿಲ ಪಕ್ಕದಲ್ಲೇ ಶುರುವಾಗುತ್ತದೆ. ಕೆಳಗಿನಿಂದ ಬ್ಲೀಚಿನ ಘಾಟು ಬರುತ್ತಿತ್ತು. ಮೇಲೆ ಹಾಡು ಆಗಲೇ ಶುರುವಾಗಿತ್ತು. ನಾನು ರಬ್ಬರ್ ಗ್ಲೌಸ್ ಹಾಕಿಕೊಳ್ಳುತ್ತಿದ್ದೆ. ಎಡಚಿ ಬಂದು ನನ್ನ ತೋಳು ಹಿಡಿದು ತಿರುಗಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಬಾಯಿ ಬಿಟ್ಟು ಬೈದದ್ದನ್ನು ನಾನು ಕೇಳಿರಲಿಲ್ಲ.

"ಯಾರು ಕೇಳಿದ್ರೇ ನಿನ್ನ ಉಪಕಾರನ? ದೊಡ್ಡ ಮನುಷ್ಯಳು ಇವಳು! ಶನಿವಾರ ಬಾಯಿ ಮುಚ್ಕೊಂಡಿದ್ರೆ..." ಉಸಿರು ಕಟ್ಟಿತು. ಗೋಡೆ ಹಿಡಿದು ಎಳೆದುಕೊಂಡಳು. "ಮುಚ್ಕೊಂಡಿದ್ರೆ ನಿಂಗೇನು ಬಾಯಿ ಹುಳ ಬೀಳ್ತಿತ್ತಾ? ಯಾವಾಗ ನೋಡಿದ್ರೂ ಊರಿಗೆ ಮುಂಚೆ ನೀನೇ! ನನ್ನ ಮಾತೂ ನೀನೇ ಆಡ್ತೀಯ, ನನ್ನ ಹೆಜ್ಜೆನೂ ನೀನೇ ಇಡ್ತೀಯ, ಈಗ ನನ್ನ ಮೆಟ್ಟಿಲೂ ನೀನೇ ಇಳೀತೀಯ!"

ಕ್ರಾಂತಿ ಅವಳ ಹಿಂದೆ ನಿಂತಿದ್ದ. ಕಣ್ಣಿನಿಂದ ಧಾರಾಕಾರ ನೀರು. ಬಲಗೈ ಮಾತ್ರ ಮೆಲ್ಲಗೆ ಜೇಬಿನಲ್ಲಿದ್ದ ಫೋನಿನ ಕಡೆ ಹೋಗುತ್ತಿತ್ತು. ನಾನು ಅವನನ್ನು ನೋಡಿದೆ. ಅವನು ತನ್ನ ಕೈಯನ್ನು ತಾನೇ ನೋಡಿಕೊಂಡು, ಅದು ಅಲ್ಲಿಗೆ ಹೇಗೆ ಹೋಯಿತೆಂದು ಗೊತ್ತಿಲ್ಲದವನಂತೆ ಹೊರಗೆ ತೆಗೆದ.

ಎಡಚಿಗೆ ಇನ್ನೂ ಒಂದು ಮಾತು ಬಾಕಿ ಇತ್ತು. ಅದಕ್ಕೆ ಬೇಕಾದಷ್ಟು ಉಸಿರು ಬರುವವರೆಗೆ ನನ್ನ ತೋಳು ಬಿಡಲಿಲ್ಲ.

"ನಾಳೆ ಬಲಗೈಯೋಳು ಯಾರಾದ್ರೂ ಬರ್ತಾಳೆ, ಸಿಗ್ತಾಳೆ," ಎಂದಳು. "ಮುಖ ಎತ್ತಿದಾಗ ನಾನು ಯಾರನ್ನ ನೋಡ್ಲಿ?"

ನನ್ನ ಬಾಯಿ ಜೋರು, ಹೇಳಿದೆನಲ್ಲ. ಅವತ್ತು ಮಾತ್ರ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಗೆ ಇಳಿದೆ.